‘ಅಲ್ಲಾಡಬ್ಯಾಡ್ರಿ’ ಅಂದವರು ಸಿನಿಮಾಕ್ಕೆ ಹೊರಟಾಗ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನನಗೆ ಗೊತ್ತಿರುವ ಒಂದು ಫೋಟೊ ಸ್ಟುಡಿಯೊ ಇದೆ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಮುಂದೆ ಗಾಜಿನ ಕೌಂಟರು, ಹಿಂದೆ ನೀಲಿ ಪರದೆ, ಪರದೆಯ ಮುಂದೊಂದು ಸ್ಟೂಲು. ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ಪಾಸ್‌ಪೋರ್ಟ್ ಸೈಜಿನ ಫೋಟೊಕ್ಕೆಂದು ಬಂದು, ಕೊರಳಿನ ಗುರುತಿನ ಚೀಟಿ ಕಳಚಿ, ಆ ಸ್ಟೂಲಿನ ಮೇಲೆ ಕೂರುತ್ತಾರೆ. ‘ಗದ್ದ ಚೂರು ಕೆಳಗೆ. ಹಾಂ, ಅಲ್ಲೇ. ಅಲ್ಲಾಡಬ್ಯಾಡ್ರಿ.’ ಕ್ಲಿಕ್. ಮುಗಿಯಿತು.

ಈ ಮಾತನ್ನು ಮೊದಲು ಹೇಳುತ್ತಿದ್ದವರು ಸ್ಟುಡಿಯೊ ಕಟ್ಟಿದ ಅಪ್ಪ. ಈಗ ಮಗ. ಅಪ್ಪನ ಕಾಲದಲ್ಲಿ ಅದಕ್ಕೆ ಕಾರಣವಿತ್ತು: ಬೆಳಕು ಕಮ್ಮಿ, ಫಿಲ್ಮು ನಿಧಾನ, ಕೂತವರು ಉಸಿರೆಳೆದರೂ ಮುಖ ಮಸುಕು. ಮಗನ ಕೈಯಲ್ಲಿರುವ ಕ್ಯಾಮೆರಾಕ್ಕೆ ಆ ತೊಂದರೆ ಇಲ್ಲ. ಆದರೂ ಮಾತು ಮಾತ್ರ ಮನೆತನದ ಆಸ್ತಿಯ ಹಾಗೆ ಉಳಿದುಕೊಂಡಿದೆ. ಅದೇ ಮಾತು ಆತನಿಗೆ ಈಗ ಅಡ್ಡ ಬರುತ್ತಿದೆ. ಕಳೆದ ಕೆಲವು ವರ್ಷಗಳಲ್ಲಿ ಆತ ಮೂರು ಕಿರುಚಿತ್ರ ಮಾಡಿದ್ದಾನೆ, ನಾಲ್ಕನೆಯದಕ್ಕೆ ಕೈ ಹಾಕಿದ್ದಾನೆ. ‘ಇಪ್ಪತ್ತು ವರ್ಷ ಮಂದಿಗೆ ಅಲ್ಲಾಡಬ್ಯಾಡ್ರಿ ಅಂತ ಹೇಳ್ಕೊಂಡು ಬಂದೀನಣ್ಣ. ಈಗ ಅಲ್ಲಾಡ್ರಿ, ನಡೀರಿ, ಮಾತಾಡ್ರಿ ಅನ್ನಾಕೆ ಬಾಯೇ ಬರವಲ್ದು,’ ಎಂದು ಆತ ನಕ್ಕಾಗ ಈ ಲೇಖನ ಹುಟ್ಟಿತು. ಹೆಸರು ಹಾಕಬೇಡ ಎಂದಿದ್ದಾನೆ, ಹಾಕುವುದಿಲ್ಲ.

ಫೋಟೊ ತೆಗೆಯುವವನು ಸಿನಿಮಾ ಮಾಡುವುದು ಸಹಜವಾದ ಬಡ್ತಿ ಎಂದೇ ಎಲ್ಲರೂ ತಿಳಿದಿದ್ದೇವೆ. ಕನ್ನಡವಂತೂ ಇಬ್ಬರಿಗೂ ಒಂದೇ ಹೆಸರಿಟ್ಟಿದೆ. ಮದುವೆ ಮನೆಯಲ್ಲಿ ಫೋಟೊ ತೆಗೆಯುವವನೂ ಛಾಯಾಗ್ರಾಹಕ, ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಬರುವವನೂ ಛಾಯಾಗ್ರಾಹಕ. ಆದರೆ ಈ ಎರಡು ಕಸುಬುಗಳ ನಡುವೆ ಒಂದು ಹಳ್ಳ ಇದೆ. ದಾಟಿದವರಿಗೆ ಮಾತ್ರ ಅದರ ಆಳ ಗೊತ್ತು.

ಆ ಹಳ್ಳದ ಮೊದಲ ಗುರುತು ನಮ್ಮ ಸೀಮೆಯಲ್ಲೇ ಇದೆ. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿಯೂ ಇತ್ತು. ಕೋಟೆಗುಡ್ಡದ ಊರಿಗೆ ದಂಡು ಬಂತು. ದಂಡಿನ ಜೊತೆಗೆ ಅಗಲ ರಸ್ತೆ, ದೊಡ್ಡ ಕಂಪೌಂಡಿನ ಬಂಗಲೆ, ಚರ್ಚು, ಕವಾಯತು ಮೈದಾನ ಬಂದವು. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ಯುದ್ಧಕೈದಿಗಳನ್ನು ತಂದು ಇಟ್ಟದ್ದೂ ಬಳ್ಳಾರಿಯಲ್ಲೇ. 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸಿನ ಪ್ರತಿನಿಧಿಗಳು ಬಂದು ಆ ಶಿಬಿರ ನೋಡಿ ವರದಿ ಬರೆದರು. ದಂಡು ಹೋಯಿತು, 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಕಂಟೋನ್ಮೆಂಟ್ ಎಂಬ ಹೆಸರು ಮಾತ್ರ ರೈಲು ನಿಲ್ದಾಣದ ಹಳದಿ ಫಲಕದ ಮೇಲೆ, ಆಟೊದವರ ಬಾಯಲ್ಲಿ ಉಳಿಯಿತು.

ಆ ದಂಡಿನ ಕಾಲದಲ್ಲಿ, 1856ರಲ್ಲಿ, ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಹೋಗಿ ಪಟ ಹಿಡಿದ. ಹಂಪಿ ಆಗ ಬಳ್ಳಾರಿ ಜಿಲ್ಲೆಯ ಭಾಗ. ವಿಜಯನಗರ ಜಿಲ್ಲೆ ಬೇರೆಯಾಗಿದ್ದು 2021ರಲ್ಲಷ್ಟೇ. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳು. ಹೊಟ್ಟೆ ಉಬ್ಬಿದ ಪೆಟ್ಟಿಗೆ ಕ್ಯಾಮೆರಾವನ್ನು ನಿಲ್ಲಿಸಿ, ಮುಚ್ಚಳ ತೆಗೆದು, ಬಿಸಿಲಿನಲ್ಲೂ ನಿಮಿಷಗಟ್ಟಲೆ ಕಾಯಬೇಕು. ಕಲ್ಲು ಕಾಯುತ್ತದೆ. ಕಂಬ, ಗೋಪುರ, ತೇರು ಕಾಯುತ್ತವೆ. ಆದರೆ ಆ ನಿಮಿಷಗಳ ನಡುವೆ ಮುಂದೆ ಹಾದುಹೋದ ಕುರಿಗಾರ, ನೀರಿನ ಕೊಡ ಹೊತ್ತ ಹೆಂಗಸು, ಬಾಲ ಬೀಸಿದ ಎಮ್ಮೆ, ಇವರ್‍ಯಾರೂ ಕಾಗದದ ಮೇಲೆ ಮೂಡುವುದಿಲ್ಲ. ನಿಂತದ್ದಷ್ಟೇ ಇದೆ, ಅಲ್ಲಾಡಿದ್ದು ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ಪಟ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ 127 ವರ್ಷ ಕಣ್ಣಿಗೆ ಕಾಣುತ್ತದೆ. ಒಂದು ನಿಮಿಷ ಮಾತ್ರ ಕಾಣುವುದಿಲ್ಲ. ಆ ಒಂದು ನಿಮಿಷವನ್ನು ತೋರಿಸಬಲ್ಲದ್ದು ಸಿನಿಮಾ.

ಆ ಕೆಲಸಕ್ಕೆ ನಮ್ಮಲ್ಲಿ ಮೊದಮೊದಲು ಕೈ ಹಾಕಿದವರಲ್ಲೊಬ್ಬರೂ ಸ್ಟುಡಿಯೊ ಮಾಲೀಕರೇ. ದಾದಾಸಾಹೇಬ್ ಫಾಲ್ಕೆ ಗುಜರಾತಿನ ಗೋಧ್ರಾದಲ್ಲಿ ಸ್ಟುಡಿಯೊ ಇಟ್ಟಿದ್ದರು. ಪ್ಲೇಗಿಗೆ ಹೆಂಡತಿ, ಮಗು ಹೋದರು; ಸ್ಟುಡಿಯೊ ಮುಚ್ಚಿತು. ಮುಂದೆ ಪುರಾತತ್ವ ಇಲಾಖೆಯ ನೌಕರಿ, ರವಿವರ್ಮನ ಚಿತ್ರಗಳನ್ನು ಅಚ್ಚು ಹಾಕುವ ಮುದ್ರಣಾಲಯ. ಸಿನಿಮಾ ತೆಗೆಯುವ ಹುಚ್ಚು ಹಿಡಿದಾಗ ದುಡ್ಡು ಕೊಡುವವರು ಬೇಕಲ್ಲ? 1912ರಲ್ಲಿ ಫಾಲ್ಕೆ ಕುಂಡದಲ್ಲಿ ಒಂದು ಬಟಾಣಿ ಕಾಳು ನೆಟ್ಟರು. ಎದುರಿಗೆ ಕ್ಯಾಮೆರಾ ಇಟ್ಟು ದಿನಕ್ಕೊಂದು ಚೌಕಟ್ಟಿನಂತೆ ಸೆರೆಹಿಡಿಯುತ್ತ ಹೋದರು. ತಿಂಗಳು ಕಳೆದ ಮೇಲೆ ಓಡಿಸಿ ನೋಡಿದರೆ, ಮೊಳಕೆ ತಲೆಯೆತ್ತಿ, ಎಲೆ ಬಿಚ್ಚಿ, ಬಳ್ಳಿಯಾಗಿ ನಿಂತಿತು. ದುಡ್ಡಿನವರು ಒಪ್ಪಿದರು. 1913ರ ಮೇ 3ಕ್ಕೆ ‘ರಾಜಾ ಹರಿಶ್ಚಂದ್ರ’ ಬಂತು.

ಬಟಾಣಿಯ ಈ ಕಥೆಯನ್ನು ಸ್ಟುಡಿಯೊದ ಗೆಳೆಯನಿಗೆ ಹೇಳಿದೆ. ಆತ ಸುಮಾರು ಹೊತ್ತು ಸುಮ್ಮನಿದ್ದು, ‘ನೋಡಣ್ಣ, ಆತ ಒಂದೂ ಫೋಟೊ ಎಸೀಲಿಲ್ಲ. ಎಲ್ಲ ಫೋಟೊನೂ ಬೇಕಾದವು,’ ಎಂದ.

ಆತ ಹೇಳಿದ್ದು ಕಸುಬಿನ ಮಾತು. ಫೋಟೊದವನ ತಾಲೀಮೆಲ್ಲ ಎಸೆಯುವುದರಲ್ಲೇ ಇದೆ. ಸಿರುಗುಪ್ಪದ ಒಂದು ಮದುವೆಯಲ್ಲಿ ಆತ ಮೂರು ಸಾವಿರ ಫೋಟೊ ಹೊಡೆಯುತ್ತಾನೆ. ಆಲ್ಬಮಿಗೆ ಹೋಗುವುದು ಇನ್ನೂರೋ ಮುನ್ನೂರೋ. ತಾಳಿ ಕಟ್ಟುವಾಗ ಬೇಕಾದ್ದು ಒಂದೇ ಗಳಿಗೆ: ಗಂಡಿನ ಬೆರಳು ಗಂಟಿನ ಮೇಲೆ, ಹೆಣ್ಣಿನ ಕಣ್ಣು ಕೆಳಗೆ, ಅಕ್ಷತೆ ಗಾಳಿಯಲ್ಲಿ. ಅದಕ್ಕಿಂತ ಮುಂಚಿನದು ಬೇಡ, ಆಮೇಲಿನದೂ ಬೇಡ. ಬೆರಳು ಅಷ್ಟಕ್ಕೇ ಪಳಗಿದೆ. ಆದರೆ ಸಿನಿಮಾ ಇರುವುದೇ ಆ ಮುಂಚಿನದರಲ್ಲಿ, ಆಮೇಲಿನದರಲ್ಲಿ. ವಾದ್ಯದವರು ಗಟ್ಟಿಮೇಳಕ್ಕೆ ಕಾಯುತ್ತಿರುವಾಗ ತಾಯಿ ಎಡಗೈಯ ಅಕ್ಷತೆಯನ್ನು ಬಲಗೈಗೆ ಹಾಕಿಕೊಳ್ಳುತ್ತಾಳಲ್ಲ, ಎಲ್ಲರೂ ಎಸೆದ ಮೇಲೆ ಒಂದು ಮುಷ್ಟಿ ಕೈಯಲ್ಲೇ ಉಳಿದುಬಿಟ್ಟಿದೆ ಎಂದು ನೋಡಿಕೊಳ್ಳುತ್ತಾಳಲ್ಲ, ಕಥೆ ಅಲ್ಲಿದೆ. ಇಪ್ಪತ್ತು ವರ್ಷ ಆತ ಎಸೆದದ್ದೇ ಅದನ್ನು.

ಹಳ್ಳ ದಾಟಿದ ಕನ್ನಡಿಗರಲ್ಲಿ ಮೊದಲು ನೆನಪಾಗುವ ಹೆಸರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಪಿಟೀಲು ಬಲ್ಲವರು, ಹುಡುಗುತನದಲ್ಲೇ ಸಿನಿಮಾ ಎಂದು ಮುಂಬೈಗೆ ಓಡಿ ಬರಿಗೈಯಲ್ಲಿ ವಾಪಸು ಬಂದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ (ಎಸ್‌ಜೆಪಿ ಎಂದರೆ ಈಗಲೂ ಎಲ್ಲರಿಗೂ ಗೊತ್ತು) ಛಾಯಾಗ್ರಹಣದ ಕೋರ್ಸು ಶುರುವಾದಾಗ ಮೊದಲ ತಂಡದಲ್ಲೇ ಸೇರಿ, 1946ರಲ್ಲಿ ಡಿಪ್ಲೊಮಾ ಮುಗಿಸಿ ಮತ್ತೆ ಮುಂಬೈಗೆ ಹೋದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಅದಕ್ಕೂ ಮುಂಚೆಯೇ ಬೆಂಗಳೂರಿನ ಈ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ, ಲೇತು, ವೆಲ್ಡಿಂಗಿನ ಪಕ್ಕದ ಕೋಣೆಯಲ್ಲಿ, ಕ್ಯಾಮೆರಾ ಹಿಡಿಯುವುದನ್ನು ಕಲಿಸುತ್ತಿದ್ದರು. ನನಗೆ ಇದು ಯಾವಾಗಲೂ ಹೆಮ್ಮೆಯ ಜೊತೆಗೆ ನಗುವನ್ನೂ ತರಿಸುತ್ತದೆ: ಕಲೆ ಎಂದು ಮಡಿಯಲ್ಲಿಡದೆ, ಕಸುಬು ಎಂದು ಕಲಿಸಿದ್ದರಿಂದಲೇ ಅಲ್ಲಿಂದ ಅಷ್ಟು ಒಳ್ಳೆಯ ಕಲಾವಿದರು ಬಂದರೇನೋ. ಗೋವಿಂದ ನಿಹಲಾನಿ ಅಲ್ಲಿಯೇ ಕಲಿತರು, ಮೂರ್ತಿಯವರ ಸಹಾಯಕರಾದರು, ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕೆ 1973ರಲ್ಲಿ ಕ್ಯಾಮೆರಾ ಹಿಡಿದರು, 1980ರಲ್ಲಿ ‘ಆಕ್ರೋಶ್’ ನಿರ್ದೇಶಿಸಿದರು.

ಮೂರ್ತಿಯವರ ಹೆಸರಿಗೆ ಅಂಟಿಕೊಂಡ ದೃಶ್ಯ ‘ಕಾಗಜ್ ಕೆ ಫೂಲ್’ ಚಿತ್ರದ್ದು. 1959, ಭಾರತದ ಮೊದಲ ಸಿನಿಮಾಸ್ಕೋಪ್. ಖಾಲಿ ಸ್ಟುಡಿಯೊ, ಮೇಲಿನಿಂದ ಓರೆಯಾಗಿ ಇಳಿದ ಬಿಸಿಲಿನ ಕೋಲು, ಅದರೊಳಗೆ ತೇಲುವ ಧೂಳು, ಎರಡು ಪಕ್ಕದಲ್ಲಿ ಗುರುದತ್ ಮತ್ತು ವಹೀದಾ. ಅಷ್ಟು ಗಟ್ಟಿ ಬೆಳಕಿನ ಕೋಲು ಸ್ಟುಡಿಯೊ ದೀಪಗಳಿಂದ ಬರುವುದಿಲ್ಲ. ಮೂರ್ತಿ ಹೊರಗಿನ ಬಿಸಿಲಿಗೇ ದೊಡ್ಡ ಕನ್ನಡಿ ಹಿಡಿಸಿ, ಒಳಗೆ ಮೇಲೆ ಕಟ್ಟಿದ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಬೀಳಿಸಿದರು. ಬಿಸಿಲನ್ನು ಎರಡು ಸಲ ಬಗ್ಗಿಸಿ ಒಳಗೆ ತಂದದ್ದು. ಉಮಾ ರಾವ್ ಬರೆದ ಮೂರ್ತಿಯವರ ಜೀವನಚಿತ್ರಕ್ಕೆ ‘ಬಿಸಿಲುಕೋಲು’ ಎಂದೇ ಹೆಸರು.

ಆ ಚೌಕಟ್ಟನ್ನು ಹಾಗೇ ನಿಲ್ಲಿಸಿ ಮುದ್ರಿಸಿದರೆ ಅದ್ಭುತ ಫೋಟೊ. ಆದರೆ ಮೂರ್ತಿಯವರ ಬೆಳಕಿಗೆ ಹೊತ್ತು ಇದೆ. ಗುರುದತ್ ಕತ್ತಲಿನಿಂದ ಕೋಲಿನೊಳಗೆ ಬರುತ್ತಾನೆ, ಅಂಚಿನಲ್ಲಿ ನಿಲ್ಲುತ್ತಾನೆ, ಹಿಂದಕ್ಕೆ ಸರಿಯುತ್ತಾನೆ. ಎಲ್ಲಿ ಎಷ್ಟು ಹೊತ್ತು ಕತ್ತಲಿರಬೇಕು ಎಂಬ ಲೆಕ್ಕ ಪಿಟೀಲಿನವರ ಲೆಕ್ಕದ ಹಾಗೆ. ಗುರುದತ್ತರ ‘ಬಾಜಿ’ಯಲ್ಲಿ ವಿ. ರಾತ್ರಾ ಅವರ ಸಹಾಯಕರಾಗಿದ್ದಾಗ ಮೂರ್ತಿ ಮಾಡಿ ತೋರಿಸಿದ ಒಂದು ಶಾಟ್ ನೋಡಿಯೇ ಗುರುದತ್ ಮುಂದಿನ ಚಿತ್ರವನ್ನು ಅವರಿಗೆ ಒಪ್ಪಿಸಿದ್ದು. ಆಮೇಲೆ ‘ಪ್ಯಾಸಾ’, ‘ಸಾಹಿಬ್ ಬೀಬಿ ಔರ್ ಗುಲಾಮ್’. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕನೊಬ್ಬನಿಗೆ ಅದು ಬಂದದ್ದು ಅದೇ ಮೊದಲು. ಬಟಾಣಿ ಬೆಳೆಸಿದ ಫೋಟೊದವರ ಹೆಸರಿನ ಪ್ರಶಸ್ತಿ ಕ್ಯಾಮೆರಾ ಹಿಡಿದವನನ್ನು ತಲುಪಲು ಅಷ್ಟು ವರ್ಷ ಬೇಕಾಯಿತು.

ಆ 2008ರಲ್ಲೇ ಇನ್ನೊಂದು ಘಟನೆ ನಡೆಯಿತು. ಪ್ರಶಸ್ತಿಯಷ್ಟು ಗಂಭೀರವಲ್ಲ, ಆದರೆ ಬಳ್ಳಾರಿಯ ಸ್ಟುಡಿಯೊಗಳಿಗೆ ತಟ್ಟಿದ್ದು ಅದೇ. ಆ ವರ್ಷ ನಿಕಾನ್ ಡಿ90, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಬಂದವು. ಫೋಟೊದ ಕ್ಯಾಮೆರಾದಲ್ಲೇ ವಿಡಿಯೊ. ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ವಿನ್ಸೆಂಟ್ ಲಾಫೊರೆ ಮಾರುಕಟ್ಟೆಗೆ ಇನ್ನೂ ಬಾರದ ಕ್ಯಾನನ್ನನ್ನು ಒಂದು ವಾರಾಂತ್ಯಕ್ಕೆ ಕಡ ಪಡೆದು ‘ರೆವರಿ’ ಎಂಬ ಪುಟ್ಟ ಚಿತ್ರ ತೆಗೆದ. ಅದನ್ನು ನೋಡಿ ಜಗತ್ತಿನ ಫೋಟೊದವರೆಲ್ಲ ಎದ್ದು ಕೂತರು. ಸಿನಿಮಾದ ಹಿನ್ನೆಲೆ ಮಸುಕು, ಸಿನಿಮಾದ ಕತ್ತಲು, ಎಲ್ಲವೂ ಹೆಗಲಿಗೆ ನೇತುಹಾಕಿಕೊಳ್ಳುವ ಪೆಟ್ಟಿಗೆಯಲ್ಲೇ ಸಿಕ್ಕಿತು.

ಅದಕ್ಕೆ ಮುಂಚಿನ ಮದುವೆ ಮನೆಗಳ ಜಾತಿಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಫೋಟೊದವರು ‘ಸಾರ್’. ವಿಡಿಯೊದವನು ಬರೀ ‘ಏ ವಿಡಿಯೊ’. ಹೆಗಲ ಮೇಲೆ ವಿಎಚ್‌ಎಸ್ ಕ್ಯಾಮೆರಾ, ಹಿಂದೆ ಸನ್ ಗನ್ ಲೈಟು ಹಿಡಿದ ಹುಡುಗ, ಆ ಲೈಟಿನ ಶೆಕೆಗೆ ಮುತ್ತೈದೆಯರ ಶಾಪ. ‘ಏ ವಿಡಿಯೊ, ಸರಿಯಪ್ಪ ಅತ್ಲಾಗೆ, ಫೋಟೊ ಹೊಡೀಲಿ’ ಎಂದು ಸೋದರಮಾವಂದಿರು ಗದರುತ್ತಿದ್ದರು. ಆದರೂ ಊಟದ ಪಂಕ್ತಿ, ಬೀಗರ ಜಗಳ, ನಿದ್ದೆ ಹೋದ ಮಕ್ಕಳು, ಎಲ್ಲವನ್ನೂ ಬಿಡದೆ ತೆಗೆದಿಟ್ಟವನು ಆತನೇ. ಕ್ಯಾಸೆಟ್ಟುಗಳಿಗೆ ಬೂಷ್ಟು ಬಂತು, ಇಲ್ಲವಾದರೆ ಬಳ್ಳಾರಿ ಸೀಮೆಯ ಎರಡು ದಶಕದ ಚಲನಚಿತ್ರ ಚರಿತ್ರೆ ಅಲ್ಲಿತ್ತು. ನನ್ನ ಗೆಳೆಯನೂ ಆಗ ವಿಡಿಯೊದವರನ್ನು ಕೀಳಾಗಿ ಕಂಡವನೇ. ‘ನಾನೇ ಒಂದಿನ ವಿಡಿಯೊ ಆಗ್ತೀನಿ ಅಂತ ಯಾರಿಗೆ ಗೊತ್ತಿತ್ತು’ ಎನ್ನುತ್ತಾನೆ.

ಹೊಸ ಕ್ಯಾಮೆರಾ ಕೊಂಡಾಗ ಆತ ಮೊದಲು ಸೋತದ್ದು ಬಿಸಿಲಿಗೆ. ಬಳ್ಳಾರಿಗೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಮ್ಮನ್ನು ನಾವೇ ಹಾಸ್ಯ ಮಾಡಿಕೊಳ್ಳುತ್ತೇವೆ. ಫೋಟೊದವನಿಗೆ ಬಿಸಿಲು ಹೆಚ್ಚಾದರೆ ಚಿಂತೆಯಿಲ್ಲ. ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಏರಿಸಿದರಾಯಿತು. ಆತ ವಿಡಿಯೊಕ್ಕೂ ಹಾಗೇ ಮಾಡಿದ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಮುಂದೆ ಓಡುವ ಹುಡುಗರನ್ನು ತೆಗೆದು ತಂದು ನೋಡಿದರೆ, ಹುಡುಗರು ಓಡುತ್ತಿಲ್ಲ, ತೊಗಲುಗೊಂಬೆಗಳ ಹಾಗೆ ಜಗ್ಗಿ ಜಗ್ಗಿ ಕುಣಿಯುತ್ತಿದ್ದಾರೆ. ಪ್ರತಿ ಚೌಕಟ್ಟೂ ಕತ್ತರಿಸಿಟ್ಟಷ್ಟು ಚೂಪು. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಸಿನಿಮಾಕ್ಕೆ ಬೇಕಾದ್ದು ಒಂದಿಷ್ಟು ಮಸುಕು. ಸೆಕೆಂಡಿಗೆ 25 ಚೌಕಟ್ಟಾದರೆ ಶಟರ್ ಐವತ್ತರಲ್ಲೊಂದು ಭಾಗ ತೆರೆದಿರಬೇಕು. ಬೀಸಿದ ಕೈ ಗೆರೆಯಾಗಿ ಹರಡಬೇಕು, ಆ ಗೆರೆಯೇ ಮುಂದಿನ ಚೌಕಟ್ಟಿಗೆ ಸೇತುವೆ. ಅಪ್ಪ ಜೀವಮಾನವಿಡೀ ಬೈದು ಓಡಿಸಿದ ಮಸುಕನ್ನು ಮಗ ದುಡ್ಡು ಕೊಟ್ಟು ತರಬೇಕಾಯಿತು.

ದುಡ್ಡು ಕೊಟ್ಟು ಎಂದರೆ ನಿಜವಾಗಿಯೂ. ಮಟಮಟ ಮಧ್ಯಾಹ್ನ ಐವತ್ತರಲ್ಲೊಂದು ಭಾಗ ಶಟರ್ ತೆರೆದರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅಪರ್ಚರನ್ನು ಎಫ್ 22ಕ್ಕೆ ಮುಚ್ಚಿದರೆ ಬಚಾವು, ಆದರೆ ಹಿಂದಿನ ಜಾಹೀರಾತು ಬೋರ್ಡು, ಕರೆಂಟು ಕಂಬ ಎಲ್ಲ ಮುಖದಷ್ಟೇ ಸ್ಪಷ್ಟ. ಎಫ್ 2.8ಕ್ಕೆ ತೆರೆದು ಮುಖವನ್ನಷ್ಟೇ ಉಳಿಸಬೇಕೆಂದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸಬೇಕು. ಅದಕ್ಕೆ ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರ್. ಸ್ಟುಡಿಯೊಕ್ಕೆ ಬರುವ ಹುಡುಗರಿಗೆ ಆತ ಇದನ್ನು ‘ಕ್ಯಾಮೆರಾದ ಕೂಲಿಂಗ್ ಗ್ಲಾಸು’ ಎಂದು ಹೇಳಿಕೊಡುತ್ತಾನೆ. ಇದಕ್ಕಿಂತ ಒಳ್ಳೆಯ ವಿವರಣೆ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ತೊಗಲುಗೊಂಬೆಯ ಮಾತು ಬಂತು. ಬಳ್ಳಾರಿಗೆ ಪರದೆಯ ಮೇಲೆ ಕುಣಿಯುವ ಬಣ್ಣದ ನೆರಳು ಹೊಸತಲ್ಲ. ಬೆಳಗಲ್ಲು ವೀರಣ್ಣನವರು 2023ರಲ್ಲಿ ಅಪಘಾತದಲ್ಲಿ ತೀರಿಕೊಳ್ಳುವ ತನಕ ಈ ಊರಿನಿಂದ ತೊಗಲುಗೊಂಬೆಗಳನ್ನು ಹೊತ್ತು ದೇಶ ಸುತ್ತಿದರು. ರಂಗದ ನಟರಾಗಿದ್ದವರು ಗೊಂಬೆಯ ಹಿಂದೆ ಹೋಗಿ ನಿಂತರು, ರಾಮಾಯಣದ ಜೊತೆಗೆ ಗಾಂಧಿಯನ್ನೂ ಪರದೆಗೆ ತಂದರು. ಗೊಂಬೆ ಒಂದೇ, ತೊಗಲು ಒಂದೇ. ದೀಪಕ್ಕೆ ಹತ್ತಿರ ತಂದಾಗ ದೊಡ್ಡದಾಗಿ ಮಸುಕಾಗುತ್ತದೆ, ಪರದೆಗೆ ಒತ್ತಿದಾಗ ಗೆರೆ ಗೆರೆಯಾಗಿ ನಿಲ್ಲುತ್ತದೆ. ಫೋಕಸ್ ಬದಲಿಸುವುದೆಂದರೆ ಇನ್ನೇನು? ನನ್ನ ಗೆಳೆಯ ಅವರ ಆಟವನ್ನು ಎಷ್ಟೋ ಸಲ ಪತ್ರಿಕೆಗೆಂದು ಫೋಟೊ ತೆಗೆದಿದ್ದಾನೆ, ಯಾವಾಗಲೂ ಮುಂದಿನಿಂದ. ಪರದೆಯ ಹಿಂದೆ ಹೋಗಿ ಆ ಕೈಗಳನ್ನು ಯಾಕೆ ತೆಗೆಯಲಿಲ್ಲ ಎಂದು ಈಗ ಕೊರಗುತ್ತಾನೆ.

ಆತನ ಮೊದಲ ಕಿರುಚಿತ್ರ ಹತ್ತು ನಿಮಿಷದ್ದು. ಸೆಕೆಂಡಿಗೆ 24ರಂತೆ ಲೆಕ್ಕ ಹಾಕಿದರೆ 14,400 ಚೌಕಟ್ಟು. ಪ್ರತಿಯೊಂದನ್ನೂ ಕ್ಯಾಲೆಂಡರಿಗೆ ಹಾಕಬಹುದು, ಅಷ್ಟು ಚೆಂದ. ಸಂಕಲನ ಮಾಡಲು ಕೂತ ಬೆಂಗಳೂರಿನ ಹುಡುಗ ಅರ್ಧ ದಿನ ನೋಡಿ, ‘ಅಣ್ಣ, ಫೋಟೊ ಎಲ್ಲ ಸೂಪರ್ ಆಗಿವೆ. ಸಿನಿಮಾ ಯಾವ ಕಾರ್ಡಲ್ಲಿದೆ?’ ಎಂದನಂತೆ. ಮುದುಕ ಬಾಗಿಲು ತೆರೆಯುವುದಿದೆ, ಆತ ಎದ್ದು ಬಾಗಿಲಿನ ತನಕ ಬರುವುದಿಲ್ಲ. ಹುಡುಗಿ ಕಣ್ಣೊರೆಸಿಕೊಳ್ಳುವುದಿದೆ, ಒರೆಸಿಕೊಂಡು ಕೈ ಕೆಳಗಿಳಿಸುವುದಿಲ್ಲ. ಬೇಕಾದ ಗಳಿಗೆ ಸಿಕ್ಕ ಕೂಡಲೇ ಬೆರಳು ತಾನಾಗಿ ಕ್ಯಾಮೆರಾ ನಿಲ್ಲಿಸಿಬಿಟ್ಟಿದೆ. ಸಂಕಲನಕಾರ ಕೊಟ್ಟ ಔಷಧಿ ಸರಳ: ಕಟ್ ಅನ್ನುವ ಮುಂಚೆ ಮನಸ್ಸಿನಲ್ಲಿ ಐದು ಎಣಿಸು. ಈಗಲೂ ಆತ ಶೂಟಿಂಗಿನಲ್ಲಿ ತುಟಿ ಅಲ್ಲಾಡಿಸುತ್ತ ಎಣಿಸುವುದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಪೆಟ್ಟು ಸದ್ದಿನದು. ಫೋಟೊಕ್ಕೆ ಕಿವಿಯಿಲ್ಲ. ಭತ್ತದ ಗದ್ದೆಯ ಬದುವಿನ ಮೇಲೆ ಗಂಡ ಹೆಂಡಿರ ಮಾತುಕತೆ ತೆಗೆದು ತಂದರೆ ಕೇಳಿದ್ದು ದೂರದ ಪಂಪ್‌ಸೆಟ್ಟು. ಮೂರನೆಯ ಪೆಟ್ಟು ಜನರದ್ದು. ಫೋಟೊದವನು ಒಂಟಿ ಸಲಗ; ಸಿನಿಮಾ ಹಿಂಡಿನ ಕೆಲಸ. ಅದನ್ನು ಕಲಿಯಲೆಂದೇ ಆತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಒಂದು ಸಿನಿಮಾದ ಕ್ಯಾಮೆರಾ ವಿಭಾಗದಲ್ಲಿ ಎಂಟು ತಿಂಗಳು ದುಡಿದ. ಊರಿನಲ್ಲಿ ‘ಸಾರ್’ ಆಗಿದ್ದವನು ಅಲ್ಲಿ ಲೆನ್ಸಿನ ಪೆಟ್ಟಿಗೆ ಹೊತ್ತ, ನಟನ ಮೂಗಿನಿಂದ ಕ್ಯಾಮೆರಾದ ತನಕ ಟೇಪು ಹಿಡಿದು ಅಳೆದ, ಥರ್ಮೊಕೋಲ್ ಹಿಡಿದು ಬಿಸಿಲಲ್ಲಿ ನಿಂತ. ಸಂಬಳದ ಮಾತೆತ್ತಿದಾಗ ‘ಹೆಸರು ಹಾಕ್ತೀವಲ್ಲ’ ಎಂದರು. ಹಾಕಿದರು, ತಪ್ಪು ಕಾಗುಣಿತದಲ್ಲಿ. ಆ ಚೌಕಟ್ಟನ್ನು ಪ್ರಿಂಟ್ ಹಾಕಿಸಿ ಸ್ಟುಡಿಯೊದ ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಒಂಟಿಯಾಗಿಯೇ ಉಳಿದು ಸಿನಿಮಾ ಮಾಡುವ ದಾರಿಯೂ ಇಲ್ಲದಿಲ್ಲ. ಮೈಸೂರಿನ ಕೃಪಾಕರ ಮತ್ತು ಸೇನಾನಿ ಇದಕ್ಕೆ ಒಳ್ಳೆಯ ಉದಾಹರಣೆ, ಒಂಟಿ ಎನ್ನುವುದಕ್ಕಿಂತ ಜಂಟಿ ಎನ್ನಬೇಕು. ಇಬ್ಬರೂ ವನ್ಯಜೀವಿ ಛಾಯಾಗ್ರಾಹಕರು. 1997ರಲ್ಲಿ ಕಾಡುಗಳ್ಳ ವೀರಪ್ಪನ್ ಈ ಇಬ್ಬರನ್ನೂ ಅಪಹರಿಸಿ ಹದಿನಾಲ್ಕು ದಿನ ಕಾಡಿನಲ್ಲಿಟ್ಟುಕೊಂಡಾಗ ರಾಜ್ಯಕ್ಕೆಲ್ಲ ಅವರ ಹೆಸರು ಗೊತ್ತಾಯಿತು. ನನಗೆ ಹೆಚ್ಚು ಕುತೂಹಲ ಅವರು ಕೆನ್ನಾಯಿಗಳ ಹಿಂದೆ ಬಿದ್ದದ್ದರ ಬಗ್ಗೆ. ಹುಲಿಯಾದರೆ ಒಂದು ನೋಟ ಸಾಕು, ಫೋಟೊ ಗೆದ್ದಂತೆ. ಕೆನ್ನಾಯಿ ಹಾಗಲ್ಲ. ಅದರ ಬದುಕೆಲ್ಲ ಗುಂಪಿನೊಳಗಿನ ಕೊಟ್ಟು ತೆಗೆದುಕೊಳ್ಳುವಿಕೆ: ಯಾರು ಮರಿ ಕಾಯುತ್ತಾರೆ, ಯಾರು ಬೇಟೆಗೆ ಹೋಗುತ್ತಾರೆ, ಬಂದವರು ಮರಿಗಳಿಗೆ ಹೇಗೆ ಉಣಿಸುತ್ತಾರೆ. ಇದು ಒಂದು ಚೌಕಟ್ಟಿನಲ್ಲಿ ಹಿಡಿಯುವ ಸಂಗತಿಯಲ್ಲ. ವಸ್ತುವೇ ಅವರನ್ನು ಸಿನಿಮಾಕ್ಕೆ ದೂಡಿತು ಎಂದು ನನ್ನ ಊಹೆ. ವರ್ಷಗಟ್ಟಲೆ ಬಂಡೀಪುರದ ಆಸುಪಾಸಿನಲ್ಲಿ ಹಿಂಬಾಲಿಸಿ ತೆಗೆದ ‘ದಿ ಪ್ಯಾಕ್’ಗೆ 2010ರಲ್ಲಿ, ಹಸಿರು ಆಸ್ಕರ್ ಎಂದು ನಮ್ಮ ಪತ್ರಿಕೆಗಳು ಕರೆಯುವ ಪಾಂಡಾ ಪ್ರಶಸ್ತಿ ಬಂತು. ಅದೇ ದಾರಿಯಲ್ಲಿ ಮುಂದೆ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಎಂಬ ಛಾಯಾಗ್ರಾಹಕರ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಕ್ಕೇ ಬಂತು. ಡೇವಿಡ್ ಅಟೆನ್‌ಬರೊ ದನಿ ಕೊಟ್ಟರು, ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು.

ಮನುಷ್ಯರ ಕಥೆಯಲ್ಲಿ ಇಂಥದ್ದೇ ದಾಟುವಿಕೆ ಸ್ಟಾನ್ಲಿ ಕುಬ್ರಿಕ್‌ನದು. ನ್ಯೂಯಾರ್ಕಿನ ‘ಲುಕ್’ ಪತ್ರಿಕೆಯಲ್ಲಿ ಹದಿಹರೆಯದಲ್ಲೇ ಫೋಟೊಗ್ರಾಫರ್ ಆಗಿದ್ದವನು, ವಾಲ್ಟರ್ ಕಾರ್ಟಿಯರ್ ಎಂಬ ಬಾಕ್ಸರನ ಮೇಲೆ ಚಿತ್ರಸರಣಿ ಮಾಡಿದ. ಆಮೇಲೆ ಅದೇ ಬಾಕ್ಸರನನ್ನೇ ಹಿಡಿದು 1951ರಲ್ಲಿ ತನ್ನ ಮೊದಲ ಸಾಕ್ಷ್ಯಚಿತ್ರ ತೆಗೆದ. ಸಿನಿಮಾದ ಬಹುಪಾಲು ಪಂದ್ಯವಲ್ಲ. ಪಂದ್ಯ ಶುರುವಾಗುವ ತನಕ ಆತ ಹೇಗೆ ಹೊತ್ತು ಕಳೆದ ಎಂಬುದು.

ಬಳ್ಳಾರಿಯ ಹೊತ್ತನ್ನು ತೆಗೆದವರು ಯಾರು? ಪುಟ್ಟಣ್ಣ ಕಣಗಾಲ್ ಸಂಡೂರಿಗೆ ಬಂದು ‘ಮಾನಸ ಸರೋವರ’ ತೆಗೆದರು. ಆ ಕೆಂಪು ಗುಡ್ಡಗಳು ಒಬ್ಬ ಮನುಷ್ಯನ ತಲೆ ಕೆಡುವುದಕ್ಕೆ ಸಾಕ್ಷಿಯಾಗಿ ನಿಂತವು. 2010ರ ‘ಪೃಥ್ವಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಗಣಿ ಧಣಿಗಳ ಎದುರು ನಿಂತ ಜಿಲ್ಲಾಧಿಕಾರಿ. ಎರಡೂ ಚಿತ್ರದವರು ನಮ್ಮ ಮಣ್ಣಿನ ಬಣ್ಣ ನೋಡಿ ಬಂದವರು, ತೆಗೆದುಕೊಂಡು ಹೋದರು. ತಪ್ಪಲ್ಲ. ಆದರೆ ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ಊರಿನವರನ್ನೇ ನಿಲ್ಲಿಸಿ ‘ಶಿವಮ್ಮ ಯರೇಹಂಚಿನಾಳ’ ತೆಗೆದು, 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ತಂದಾಗ, ಕಂಟೋನ್ಮೆಂಟಿನ ಸ್ಟುಡಿಯೊದಲ್ಲಿ ಆ ವಾರವಿಡೀ ಬೇರೆ ಮಾತಿರಲಿಲ್ಲ. ಶಾಲೆಯ ಅಡುಗೆಯ ಹೆಂಗಸು ಮನೆ ಮನೆಗೆ ಪುಡಿಯ ಡಬ್ಬಿ ಮಾರಲು ಅಲೆಯುವ ಕಥೆ. ಅದರಲ್ಲಿ ಡ್ರೋನಿನ ಹಂಗಿಲ್ಲ, ಸೂರ್ಯಾಸ್ತದ ಹಂಗಿಲ್ಲ. ಈಗ ಬಳ್ಳಾರಿಯ ಪ್ರತಿ ಸ್ಟುಡಿಯೊದ ಕಾರ್ಡಿನ ಮೇಲೂ ‘ಸಿನಿಮ್ಯಾಟಿಕ್’ ಎಂದಿರುತ್ತದೆ. ತುಂಗಭದ್ರೆಯ ದಂಡೆಯಲ್ಲಿ ಗಂಡು ಹೆಣ್ಣನ್ನು ನಿಧಾನಗತಿಯಲ್ಲಿ ಓಡಿಸುವುದಕ್ಕೆ ಆ ಹೆಸರು. ಶಿವಮ್ಮ ನಡೆದಾಡುವ ಒಂದು ಶಾಟ್ ಅದನ್ನೆಲ್ಲ ಮೂಲೆಗೆ ತಳ್ಳುತ್ತದೆ ಎಂದು ನಾನೆಂದರೆ, ಗೆಳೆಯ ಒಪ್ಪುವುದಿಲ್ಲ. ‘ಆ ಓಡೋ ಗಂಡು ಹೆಣ್ಣೇ ನನ್ನ ಸಿನಿಮಾಕ್ಕೆ ದುಡ್ಡು ಹಾಕಿರೋರು, ಬೈಬ್ಯಾಡಣ್ಣ’ ಎನ್ನುತ್ತಾನೆ.

ನಿಜವೇ. ಆತನ ಸಿನಿಮಾದ ಪಂಚಾಂಗ ಮದುವೆಯ ಪಂಚಾಂಗದ ತಿರುವು ಮುರುವು. ವೈಶಾಖದಲ್ಲಿ ದುಡಿಯುತ್ತಾನೆ, ಆಷಾಢದಲ್ಲಿ ಮುಹೂರ್ತವಿಲ್ಲದಾಗ ಶೂಟಿಂಗ್ ಇಟ್ಟುಕೊಳ್ಳುತ್ತಾನೆ. ಕ್ಯಾಮೆರಾ ಖಾಲಿ, ಲೈಟು ಖಾಲಿ, ಸಹಾಯಕ ಹುಡುಗರು ಖಾಲಿ. ಗಾಳಿ ಮಾತ್ರ ವಿಪರೀತ. ಆದ್ದರಿಂದ ಆತನ ಮೂರೂ ಚಿತ್ರಗಳಲ್ಲಿ ಎಲ್ಲರ ಸೆರಗೂ ಹಾರುತ್ತಿರುತ್ತದೆ. ಅದನ್ನೊಬ್ಬ ವಿಮರ್ಶಕ ‘ಅಸ್ಥಿರತೆಯ ರೂಪಕ’ ಎಂದು ಬರೆದನಂತೆ. ಆಷಾಢದ ರೂಪಕ ಎಂದಿದ್ದರೆ ಸರಿಯಿರುತ್ತಿತ್ತು.

ನಾಲ್ಕನೆಯ ಚಿತ್ರದ ವಿಷಯ ಕೇಳಿದ್ದಕ್ಕೆ ಆತ ಕೌಂಟರಿನ ಕೆಳಗಿನಿಂದ ತಗಡಿನ ಬಿಸ್ಕತ್ತಿನ ಡಬ್ಬಿ ತೆಗೆದ. ಅಪ್ಪನ ಕಾಲದ ನೆಗೆಟಿವ್‌ಗಳು. ಒಳ್ಳೆಯವಲ್ಲ, ಕೆಟ್ಟವು. ಅಲ್ಲಾಡಿದವರು, ಕಣ್ಣು ಮುಚ್ಚಿದವರು, ಸೀನಿದವರು, ಪಕ್ಕಕ್ಕೆ ತಿರುಗಿ ಯಾರನ್ನೋ ಕರೆದವರು. ಗಿರಾಕಿಗೆ ಕೊಡಲಾಗದೆ, ಬಿಸಾಡಲೂ ಮನಸ್ಸಾಗದೆ ಅಪ್ಪ ತುಂಬಿಟ್ಟದ್ದು. ಯಾಕಿಟ್ಟರೋ ಯಾವತ್ತೂ ಹೇಳಲಿಲ್ಲ. ಸ್ಟೂಲಿನ ಮೇಲಿನ ಒಬ್ಬೊಬ್ಬರದೂ ಎರಡು ಮೂರು ತಪ್ಪು ಫೋಟೊ. ಅವನ್ನು ಸಾಲಾಗಿ ಜೋಡಿಸಿದರೆ ಕೂತವರು ಉಸಿರೆಳೆದು, ನಕ್ಕು, ನೆಟ್ಟಗೆ ಕೂರುತ್ತಾರೆ. ಬಟಾಣಿ ಬಳ್ಳಿಯ ಹಾಗೆ. ಹತ್ತು ನಿಮಿಷದ ಚಿತ್ರಕ್ಕೆ ಇಷ್ಟು ಸಾಕೋ ಇಲ್ಲವೋ ಎಂದು ಗೆಳೆಯ ಲೆಕ್ಕ ಹಾಕುತ್ತಿದ್ದಾನೆ.

ಒಂದು ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದ. ಸ್ಟೂಲಿನ ಮೇಲೆ ವರ್ಷ ತುಂಬದ ಕೂಸು, ಎರಡು ತಲೆ ಮೂಡಿವೆ. ಪರದೆಯ ಸಂದಿಯಿಂದ ಒಂದು ಬಳೆ ತೊಟ್ಟ ಕೈ ಬಂದು ಕೂಸಿನ ಬೆನ್ನನ್ನು ಹಿಡಿದಿದೆ. ಕೈಯೂ ಎರಡಾಗಿದೆ.

‘ಒಳ್ಳೆ ಫೋಟೊದಾಗೆ ಈ ಕೈ ಇರಲ್ಲಣ್ಣ. ಅಪ್ಪ ಕತ್ತರಿಸ್ತಿದ್ದ’ ಎಂದ.

ಅಷ್ಟರಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬಂದು ಅರ್ಜೆಂಟಾಗಿ ಎಂಟು ಕಾಪಿ ಬೇಕೆಂದಳು. ಆತ ಡಬ್ಬಿ ಮುಚ್ಚಿ ಎದ್ದ. ಲೈಟು ಹಾಕಿದ. ಹುಡುಗಿ ಕೂದಲು ಹಿಂದಕ್ಕೆ ಸರಿಸಿಕೊಂಡು ಸ್ಟೂಲಿನ ಮೇಲೆ ಕೂತಳು.

‘ಗದ್ದ ಚೂರು ಕೆಳಗಮ್ಮ. ಹಾಂ, ಅಲ್ಲೇ. ಅಲ್ಲಾಡಬ್ಯಾಡ.’